ರಾಯರು ಲೇತು ಕೊಂಡುದು

ಕನ್ನಡದಲ್ಲಿ ಮೊಸರನ್ನೂ ಕಡೆಯುತ್ತಾರೆ, ಮರವನ್ನೂ ಕಡೆಯುತ್ತಾರೆ. ಅಡಿಗೆಮನೆಯ ಕಡೆಗೋಲಿಗೂ ಚನ್ನಪಟ್ಟಣದ ಗೊಂಬೆಗಾರರ ಚರಕಿಗೂ ಭಾಷೆ ಒಂದೇ ಕ್ರಿಯಾಪದವನ್ನು ಕೊಟ್ಟು ಸುಮ್ಮನಾಗಿದೆ. ಇದು ಪದಗಳ ಬಡತನವಲ್ಲ. ದಂಡಕ್ಕೆ ಹಗ್ಗ ಸುತ್ತಿ, ಒಮ್ಮೆ ಈಚೆಗೆ ಒಮ್ಮೆ ಆಚೆಗೆ ಎಳೆದು ತಿರುಗಿಸುವ ಕೆಲಸವೇ ಹಿಂದೆ ಎರಡು ಕಡೆಯಲ್ಲಿಯೂ ಇದ್ದುದು. ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ, 1117ರಷ್ಟು ಹಿಂದೆ ಪ್ರತಿಷ್ಠೆಯಾದ ಆ ನವರಂಗದಲ್ಲಿ, ಕಂಬಗಳಿಗೆ ಬಳೆ ತೊಡಿಸಿದಂತಿರುವ ದುಂಡನೆಯ ಏಣುಗಳನ್ನು ಕಂಡವರು ‘ಕಲ್ಲನ್ನೂ ಕಡೆದಿದ್ದಾರೆ’ ಎಂದೇ ಹೇಳುತ್ತಾರೆ. ಆದರೆ ಇಷ್ಟೆಲ್ಲ ಹಳೆಯ ವಿದ್ಯೆಯೊಂದು, ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಮಲ್ಲೇಶ್ವರದ ಒಂದು ಹೆಂಚಿನ ಮನೆಯ ಕಾರಿಲ್ಲದ ಕಾರ್ ಶೆಡ್ಡಿಗೆ ಬಂದು ಕುಳಿತರೆ ಮನೆಯವರು ಏನೆನ್ನಬೇಕು?

ರಾಯರು ಕಮ್ಮಾರರಲ್ಲ, ಎಂಜಿನಿಯರರೂ ಅಲ್ಲ. ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತಮೂರು ವರ್ಷ ದುಡಿದವರು. ಎಷ್ಟೋ ಲೇತುಗಳು ಅವರ ಸಹಿಯಿಲ್ಲದೆ ಕಾರ್ಖಾನೆಯ ಬಾಗಿಲನ್ನು ದಾಟಲಿಲ್ಲ. ಆದರೆ ಒಂದು ಲೇತಿನ ಒಂದು ಹಿಡಿಯನ್ನಾದರೂ ಅವರ ಕೈ ತಿರುಗಿಸಿರಲಿಲ್ಲ. ಬಡಿಸುವವರು ಉಪವಾಸವಿರುವುದು ಮದುವೆ ಮನೆಯಲ್ಲಿ ಮಾತ್ರವಲ್ಲ.

ಲೇತಿನ ಮಟ್ಟಿಗೆ ಕರ್ನಾಟಕವನ್ನು ಬಡ ನಾಡೆನ್ನುವಂತಿಲ್ಲ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆ 1941ರಲ್ಲಿಯೇ ಹುಟ್ಟಿತು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪೆನಿಯ ನೆರವಿನಿಂದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ 1953ರಲ್ಲಿ ಜಾಲಹಳ್ಳಿಯಲ್ಲಿ ನೆಲೆಗೊಂಡಿತು. 1962ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದೇ ಬೆಂಗಳೂರಿನಲ್ಲಿ ಒಂದು ಕೇಂದ್ರ ಸಂಸ್ಥೆ ಸ್ಥಾಪನೆಯಾಯಿತು. ಹರಿಹರದ ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಜಾಲಹಳ್ಳಿಯ ಗಡಿಯಾರಗಳೂ 2016ರಲ್ಲಿ ನಿಂತುಹೋದುವು. ಆದರೂ ಪೀಣ್ಯದ ಯಾವ ಬೀದಿಗೆ ಹೋದರೂ ಕಬ್ಬಿಣ ಕಡೆಯುವ ಸದ್ದು ಕಿವಿಗೆ ಬೀಳುತ್ತದೆ. ಅಂಥ ಊರಿನಲ್ಲಿ ನಾಲ್ಕು ಕೀಲು ಮಾಡಿಸಲು ರಾಯರು ಒಂದು ತಿಂಗಳು ಅಲೆದರು ಎಂದರೆ ಕೇಳಿದವರು ನಗಬಹುದು.

ಕೀಲುಗಳು ಬೇಕಾಗಿದ್ದುದು ನಡುಮನೆಯ ಉಯ್ಯಾಲೆಗೆ. ರಾಯರ ತಾಯಿ ಮೊಮ್ಮಗನನ್ನು ಮಲಗಿಸಿ ತೂಗುತ್ತಿದ್ದ ಉಯ್ಯಾಲೆ. ತೇಗದ ಮಣೆ ಇನ್ನೂ ಗಟ್ಟಿಮುಟ್ಟಾಗಿದ್ದರೂ ಸರಪಳಿಯು ಮಣೆಯನ್ನು ಹಿಡಿಯುವ ಕಡೆಯಲ್ಲಿದ್ದ ನಾಲ್ಕು ಕಬ್ಬಿಣದ ಕೀಲುಗಳು ಐವತ್ತು ವರ್ಷದ ತೂಗಾಟದಲ್ಲಿ ಸವೆದು, ನಡುವೆ ಸಣ್ಣಗಾಗಿ, ಸೊಂಟ ಬಿಗಿದ ಇರುವೆಗಳಂತಾಗಿದ್ದವು. ಯಾರೂ ಕೂರಬಾರದೆಂದು ಅದನ್ನು ಬಿಚ್ಚಿ ಗೋಡೆಗೆ ಒರಗಿಸಿ ಎರಡು ವರ್ಷವಾಗಿತ್ತು. ವೆಲ್ಡಿಂಗ್ ಅಂಗಡಿಯವನು ‘ಒಂದೇ ನಿಮಿಷ ಸಾರ್, ಬೆಸೆದುಬಿಡುತ್ತೇನೆ’ ಎಂದ. ಬೆಸೆದರೆ ಉಯ್ಯಾಲೆ ತೂಗುವುದು ಹೇಗೆ? ಪೀಣ್ಯದವರದು ಬೇರೆಯ ತೊಂದರೆ. ಸಾವಿರ ಕೀಲು ಬೇಕೆಂದವರಿಗೆ ಅವರು ಕುರ್ಚಿ ಹಾಕುತ್ತಾರೆ. ನಾಲ್ಕು ಬೇಕೆಂದವರಿಗಾಗಿ ಯಂತ್ರ ನಿಲ್ಲಿಸಿದರೆ ಅವರ ಹೊಟ್ಟೆ ತುಂಬದು.

ಆ ವೇಳೆಗೆ ಪರದೇಶದಲ್ಲಿದ್ದ ಮಗನಿಂದ ಫೋನು ಬಂತು. ಬಿಲ್ಡರ್ ಒಬ್ಬರು ನಿವೇಶನ ಕೇಳುತ್ತಿದ್ದಾರೆ. ಹಳೆಯ ಮನೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸುತ್ತಾರೆ, ಎರಡು ಫ್ಲಾಟು ಕೊಡುತ್ತಾರೆ, ಲಿಫ್ಟು ಇರುತ್ತದೆ. ‘ಅಮ್ಮನ ಮಂಡಿಯನ್ನಾದರೂ ನೋಡಪ್ಪ’ ಎಂದ. ರಾಯರು ‘ನೋಡೋಣ’ ಎಂದರು. ಅವರ ಮನೆಯಲ್ಲಿ ‘ನೋಡೋಣ’ ಎಂದರೆ ‘ಇಲ್ಲ’ ಎಂದರ್ಥ. ಅದು ಮಗನಿಗೂ ಗೊತ್ತು.

ಮನೆಯಾಕೆಗೆ ಮಾತ್ರ ಆ ಮಾತು ಕಿವಿಗೆ ತಂಪಾಗಿತ್ತು. ಮಳೆಗಾಲ ಬಂದರೆ ಮೂರು ಕಡೆ ಪಾತ್ರೆ ಇಡಬೇಕಾದ ಸೂರು, ಗೆದ್ದಲು ಹಿಡಿದ ತೊಲೆ, ಅಂಗಳ ದಾಟಿ ಹೋಗಬೇಕಾದ ಬಚ್ಚಲು, ಇವುಗಳ ನಡುವೆ ಮೂವತ್ತೆಂಟು ವರ್ಷ ಬಾಳಿದವರಿಗೆ ಹಳೆಯ ಮನೆಯ ಸೊಬಗು ಅತಿಥಿಗಳಿಗೆ ಕಂಡಷ್ಟು ಕಾಣುವುದಿಲ್ಲ. ಆದರೆ ಅವರು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ‘ಮನೆಯೇ ಹೋಗುವ ಮಾತಿರುವಾಗ ಉಯ್ಯಾಲೆಯ ಕೀಲಿಗೆ ಏಕೆ ಇಷ್ಟು ಅಲೆದಾಟ?’ ಎಂದಷ್ಟೇ ಒಮ್ಮೆ ಕೇಳಿದರು. ರಾಯರು ಅಂದು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಮರುದಿನವೇ ಲೇತಿನ ಹುಡುಕಾಟ ಮೊದಲಾಯಿತು. ಎರಡಕ್ಕೂ ಸಂಬಂಧವಿಲ್ಲವೆಂದು ಅವರು ಹೇಳುತ್ತಾರೆ.

ಕಾರ್ಖಾನೆಯ ಲೇತು ಮನೆಗೆ ಬರುವಂಥದ್ದಲ್ಲ. ಅದರ ತೂಕ ಟನ್ನುಗಳ ಲೆಕ್ಕದಲ್ಲಿ; ಅದು ಕುಡಿಯುವ ವಿದ್ಯುತ್ತು ಮೂರು ಫೇಸಿನದು, 415 ವೋಲ್ಟಿನದು. ಮನೆಗೆಂದೇ ಇರುವುದು ಚಿಕ್ಕ ಲೇತು. ಈಗ ಚೀನದಿಂದ ಬರುವ, ಒಂದೇ ಎರಕಕ್ಕೆ ಹತ್ತು ಬಣ್ಣ ಬಳಿದು ಹತ್ತು ಹೆಸರಿಟ್ಟು ಮಾರುವ, ನಲವತ್ತು ಕಿಲೋ ಆಸುಪಾಸಿನ ಯಂತ್ರ. ಏಳು ಅಂಗುಲ ವ್ಯಾಸದ ಬಿಲ್ಲೆ ಅದರ ಹಾಸಿನ ಮೇಲೆ ತಿರುಗಬಲ್ಲುದು. ಎರಡು ಮೊನೆಗಳ ನಡುವೆ ಒಂದಡಿ ಉದ್ದದ ಸರಳು ಹಿಡಿಸುತ್ತದೆ. ಮಿಕ್ಸಿ ಓಡುವ 230 ವೋಲ್ಟೇ ಇದಕ್ಕೂ ಸಾಕು. ಇದರ ಜೊತೆಗಾರ ಚಿಕ್ಕ ಮಿಲ್ಲಿಂಗ್ ಯಂತ್ರ, ಅರವತ್ತು ಕಿಲೋ ಸುಮಾರಿನದು.

ಇವೆರಡಕ್ಕೂ ಇರುವ ಭೇದವನ್ನು ಮನೆಯಾಕೆಗೆ ತಿಳಿಸಲು ರಾಯರು ಕಾಗದದ ಮೇಲೆ ಚಿತ್ರ ಬರೆದರು. ಅವರು ಅದನ್ನು ನೋಡಿ, ‘ತುರಿಯುವ ಮಣೆಯಲ್ಲಿ ಅಲಗು ಅಲ್ಲಾಡುವುದಿಲ್ಲ, ತೆಂಗಿನ ಕಡಿಯನ್ನೇ ತಿರುಗಿಸುತ್ತೇವೆ. ಗ್ರೈಂಡರಿಗೆ ಸಿಕ್ಕಿಸುವ ತುರಿಮಣೆಯಲ್ಲಿ ಕಾಯಿ ಸುಮ್ಮನಿರುತ್ತದೆ, ಅಲಗು ತಿರುಗುತ್ತದೆ. ಮೊದಲನೆಯದು ಲೇತು, ಎರಡನೆಯದು ಮಿಲ್ಲು. ಅಷ್ಟೇ ತಾನೆ?’ ಎಂದರು. ಅಷ್ಟೇ. ಪುಸ್ತಕಗಳಲ್ಲಿ ಇದಕ್ಕೆ ಎರಡು ಪುಟ ಹಿಡಿಯುತ್ತದೆ.

ಬಳಸಿದ ಜೋಡಿಯೊಂದು ಮಾರಾಟಕ್ಕಿದೆ ಎಂದು ತಿಳಿದಾಗ ರಾಯರು ಒಬ್ಬರೇ ಹೋಗುವ ಅವಿವೇಕ ಮಾಡಲಿಲ್ಲ. ಅವರ ಕಾರ್ಖಾನೆಯಲ್ಲಿಯೇ ಟರ್ನರಾಗಿ ನಿವೃತ್ತರಾಗಿದ್ದ ಮೇಸ್ತ್ರಿಯೊಬ್ಬರನ್ನು ಜೊತೆಗೆ ಕರೆದುಕೊಂಡರು. ಮೇಸ್ತ್ರಿಗಳಿಗೆ ಎಪ್ಪತ್ತು ದಾಟಿತ್ತು. ಸರ್ವಿಸಿನಲ್ಲಿದ್ದಾಗ ಓವರ್‌ಟೈಮಿನ ಚೀಟಿ ಹಿಡಿದು ರಾಯರ ಮೇಜಿನ ಮುಂದೆ ನಿಲ್ಲುತ್ತಿದ್ದವರು; ಅಂದು ರಾಯರು ಅವರ ಹಿಂದೆ ಚೀಲ ಹಿಡಿದು ನಡೆದರು.

ಮಾರುವವನು ಒಬ್ಬ ತರುಣ ಎಂಜಿನಿಯರ್. ಎಂಟನೆಯ ಅಂತಸ್ತಿನ ಫ್ಲಾಟು, ಬಟ್ಟೆ ಒಗೆಯುವ ಬಾಲ್ಕನಿಯಲ್ಲಿ ಯಂತ್ರಗಳು. 2020ರಲ್ಲಿ ಕೋವಿಡ್ಡಿನ ದಿಗ್ಬಂಧನದ ಕಾಲದಲ್ಲಿ ಹೊತ್ತು ಹೋಗದೆ ಕೊಂಡದ್ದಂತೆ. ಕೆಳಗಿನ ಮನೆಯವರು ಸದ್ದಿನ ವಿಷಯ ಎತ್ತಿದರು. ಸಂಘದವರು ಎರಡು ಪತ್ರ ಬರೆದರು. ಮೂರನೆಯದು ಬರುವ ಮೊದಲು ಮಾರಿಬಿಡುವುದೆಂದು ಆತ ತೀರ್ಮಾನಿಸಿದ್ದ. ಮುಖದಲ್ಲಿ ಸಂಕಟವಿತ್ತು. ಬೆಕ್ಕನ್ನು ಬೇರೆಯವರ ಮನೆಗೆ ಕೊಡುವವರ ಸಂಕಟ.

ಮೇಸ್ತ್ರಿಗಳು ಮೋಟಾರು ಹಾಕಲು ಬಿಡಲಿಲ್ಲ. ‘ಓಡುವುದನ್ನು ಆಮೇಲೆ ನೋಡೋಣ, ತಮ್ಮಾ. ಮೊದಲು ಸುಮ್ಮನಿರುವುದನ್ನು ನೋಡಬೇಕು’ ಎಂದರು. ಕನ್ನಡಕ ತೆಗೆದು ಜೇಬಿಗಿಟ್ಟು, ಲೇತಿನ ಹಾಸಿನ ಮೇಲೆ ಉಗುರಾಡಿಸಿದರು. ಲೇತಿನ ಕೆಲಸವೆಲ್ಲ ಸಾಮಾನ್ಯವಾಗಿ ಚಕ್ಕಿನ ಹತ್ತಿರವೇ ನಡೆಯುವುದರಿಂದ ಹಾಸು ಸವೆಯುವುದೂ ಅಲ್ಲಿಯೇ. ಸವೆದ ಜಾಗ ಮುಗಿದು ಸವೆಯದ ಜಾಗ ಮೊದಲಾಗುವಲ್ಲಿ ಉಗುರಿಗೆ ಒಂದು ಅಂಚು ತಗುಲುತ್ತದೆ. ತಗುಲಲಿಲ್ಲ. ಆಮೇಲೆ ಮರದ ತುಂಡನ್ನು ಸನ್ನೆಯಾಗಿಟ್ಟು ಚಕ್ಕನ್ನು ಮೇಲಕ್ಕೆತ್ತಿದರು. ಡಯಲ್ ಗೇಜಿನ ಮುಳ್ಳು ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲು ಕದಲಿ ಮತ್ತೆ ನಿಂತಿತು. ಬೇರಿಂಗು ಆರೋಗ್ಯವಾಗಿದೆ. ಅಡ್ಡಜಾರುವಿನ ಹಿಡಿಯನ್ನು ಮುಂದಕ್ಕೆ ತಿರುಗಿಸಿ ಹಿಂದಕ್ಕೆ ತಿರುಗಿಸಿದಾಗ, ಜಾರು ಕದಲುವ ಮೊದಲು ಹಿಡಿ ಸ್ವಲ್ಪ ದೂರ ಬರಿದೇ ತಿರುಗಿತು. ಈ ಸಡಿಲು ಹೊಸ ಯಂತ್ರದಲ್ಲಿಯೂ ಇರುತ್ತದೆ. ಅದನ್ನು ತಿಳಿದು, ಯಾವಾಗಲೂ ಒಂದೇ ದಿಕ್ಕಿನಿಂದ ಅಳತೆಗೆ ಬರುವವನೇ ಟರ್ನರು.

ಚಕ್ಕಿನ ಮೂರು ದವಡೆಗಳನ್ನು ಬಿಚ್ಚಿ, ಒಂದು ಎರಡು ಮೂರು ಎಂದು ಕೊರೆದ ಅಂಕೆಗಳು ತಮ್ಮ ತಮ್ಮ ಗಾಡಿಯಲ್ಲಿಯೇ ಇವೆಯೇ ಎಂದು ನೋಡಿದರು. ಹೊರಮುಖದ ಇನ್ನೊಂದು ಸೆಟ್ಟು ದವಡೆ ಎಲ್ಲಿ ಎಂದು ಕೇಳಿದಾಗ ಹುಡುಗ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದ. ಅದರಲ್ಲಿ ದವಡೆಗಳಲ್ಲದೆ ಮರೆ ಕೊಯ್ಯಲು ಬೇಕಾದ ಹಲ್ಲುಗಾಲಿಗಳೂ ಇದ್ದುವು. ಲಂಡನ್ನಿನ ಹೆನ್ರಿ ಮಾಡ್‌ಸ್ಲೇ 1800ರ ಸುಮಾರಿಗೆ ಜಾರುಪೀಠ, ಉದ್ದನೆಯ ತಿರುಪು, ಬದಲಾಯಿಸಬಲ್ಲ ಹಲ್ಲುಗಾಲಿ ಮೂರನ್ನೂ ಒಂದೇ ಲೇತಿನಲ್ಲಿ ಕೂಡಿಸಿ ತೋರಿಸಿದ ಮೇಲೆಯೇ ಒಂದು ಸ್ಕ್ರೂ ಇನ್ನೊಂದರಂತೆ ಇರುವುದು ಸುಲಭವಾದದ್ದು. ಆ ಗಾಲಿಗಳಲ್ಲಿ ಒಂದು ಕಳೆದರೂ ಕೆಲವು ಮರೆಗಳು ಆ ಯಂತ್ರದ ಪಾಲಿಗೆ ಇಲ್ಲವಾಗುತ್ತವೆ. ಬಳಸಿದ ಲೇತು ಕೊಳ್ಳುವವರು ಬಣ್ಣಕ್ಕಿಂತ ಬಿಸ್ಕತ್ತಿನ ಡಬ್ಬಿಯನ್ನು ಹೆಚ್ಚು ಗಮನಿಸುವುದು ಒಳ್ಳೆಯದು.

ಮೋಟಾರು ಹಾಕಿದಾಗ ಲೇತು ಇಂಪಾಗಿಯೇ ಹಾಡಿತು. ಮಿಲ್ಲು ಮಾತ್ರ ಕಟಕಟ ಎಂದಿತು. ಹುಡುಗ ಮರೆಮಾಚಲಿಲ್ಲ: ‘ತಲೆಯೊಳಗೆ ಪ್ಲಾಸ್ಟಿಕ್ ಗೇರು ಇದೆ ಅಂಕಲ್. ಎರಡು ಹಲ್ಲು ಹೋಗಿದೆ.’ ಈ ಜಾತಿಯ ಯಂತ್ರಗಳಲ್ಲಿ ಆ ಗೇರು ಮುರಿಯುವುದು ಹೊಸ ಸುದ್ದಿಯಲ್ಲ. ಉಳಿದ ಬೆಲೆಬಾಳುವ ಅಂಗಗಳನ್ನು ಉಳಿಸಲು ತಾನು ಮುರಿಯುವ ತ್ಯಾಗಿ ಎಂದು ಅದನ್ನು ಹೊಗಳುವವರೂ ಇದ್ದಾರೆ. ನಾಲ್ಕು ಕಾಸು ಉಳಿಸಲು ಹಾಕಿದ್ದು ಎನ್ನುವವರೂ ಇದ್ದಾರೆ. ಎರಡನೆಯವರ ಮಾತೇ ನಿಜವಿದ್ದೀತು. ಜೋಡಿಗೆ 1,10,000 ರೂಪಾಯಿ ಎಂದಿದ್ದವನು ಆ ಎರಡು ಹಲ್ಲುಗಳ ದೆಸೆಯಿಂದ 92,000ಕ್ಕೆ ಇಳಿದ. ರಾಯರು ಬ್ಯಾಂಕಿನಲ್ಲಿದ್ದ ಒಂದು ಠೇವಣಿಯನ್ನು ಅವಧಿಗೆ ಮುಂಚೆ ಮುರಿದರು. ಹಾಗೆ ಮುರಿಯಬಾರದೆಂದು ಇಡೀ ಬಂಧುಬಳಗಕ್ಕೆ ಬುದ್ಧಿ ಹೇಳುತ್ತಿದ್ದವರು ಅವರೇ.

ಸಾಗಿಸುವ ದಿನ ಮೇಸ್ತ್ರಿಗಳು ಮಿಲ್ಲಿನ ತಲೆಯನ್ನೂ ಕಂಬವನ್ನೂ ಬೇರೆ ಮಾಡಿದರು. ಲೇತನ್ನು ತಿರುಪುದಂಡದಿಂದಾಗಲಿ ಹಿಡಿಗಳಿಂದಾಗಲಿ ಎತ್ತಕೂಡದು, ಹಾಸಿನ ಕೆಳಗೇ ಕೈ ಹಾಕಬೇಕು ಎಂದು ಕೂಲಿಯವರಿಗೆ ಮೂರು ಸಲ ಹೇಳಿದರು. ನಾಲ್ಕನೆಯ ಸಲ ಬೈದರು. ಸಂಜೆಯ ಹೊತ್ತಿಗೆ ಎಲ್ಲವೂ ಕಾರ್ ಶೆಡ್ಡಿನಲ್ಲಿತ್ತು. ಮನೆಯಾಕೆ ಬಾಗಿಲಲ್ಲಿ ನಿಂತು ನೋಡಿದರು. ನೂರು ಕಿಲೋ ಕಬ್ಬಿಣ. ಮನೆ ಬಿಡುವವರು ಯಾರೂ ಮನೆಗೆ ನೂರು ಕಿಲೋ ಕಬ್ಬಿಣ ತರುವುದಿಲ್ಲ. ಅವರು ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿ ತಂದರು. ಮೇಸ್ತ್ರಿಗಳ ಲೋಟಕ್ಕೆ ಸಕ್ಕರೆ ಬೇಡವೆಂಬುದನ್ನು ಮಾತ್ರ ಕೇಳಿ ತಿಳಿದುಕೊಂಡರು. ರಾಯರೊಡನೆ ಆ ರಾತ್ರಿ ಮಾತಾಡಲಿಲ್ಲ.

ಯಂತ್ರ ಕೊಂಡವರು ಅಂದೇ ಕೆಲಸ ಮಾಡಬಹುದೆಂದು ತಿಳಿಯುತ್ತಾರೆ. ಹಾಗಲ್ಲ. ಮೊದಲು ತೊಳೆಯಬೇಕು. ಐದು ವರ್ಷದ ಲೋಹದ ಪುಡಿ, ಎಣ್ಣೆ, ಬಾಲ್ಕನಿಯ ಧೂಳು ಮೂರೂ ಕೂಡಿ ಜಾರುಗಳ ಕೆಳಗೆ ಒಂದು ಬಗೆಯ ಅರೆಯುವ ಚಟ್ನಿಯಾಗಿರುತ್ತದೆ. ರಾಯರು ಹಳೆಯ ಪಂಚೆ ಹರಿದು, ಸೀಮೆಎಣ್ಣೆಯಲ್ಲಿ ಅದ್ದಿ, ನಾಲ್ಕು ದಿನ ಉಜ್ಜಿದರು. ಬಿಚ್ಚಿದ ಸ್ಕ್ರೂಗಳು ಒಂದರೊಡನೊಂದು ಬೆರೆಯದಿರಲೆಂದು ಇಡ್ಲಿಯ ತಟ್ಟೆಯ ಗುಳಿಗಳಲ್ಲಿ ಇಟ್ಟುಕೊಂಡರು. ಇದಕ್ಕಿಂತ ಒಳ್ಳೆಯ ಸಾಧನ ಯಾವ ಕಾರ್ಖಾನೆಯಲ್ಲಿಯೂ ಇಲ್ಲ. ಆದರೆ ಅದು ಹಬ್ಬಕ್ಕೆ ತೆಗೆದಿಟ್ಟಿದ್ದ ಹೊಸ ತಟ್ಟೆಯಾಗಿತ್ತು. ಎರಡು ದಿನದ ಮೌನ ಆ ನೆಪದಿಂದ ಮುರಿಯಿತು ಎಂಬುದೊಂದು ಲಾಭ.

ಖರ್ಚೂ ಅಲ್ಲಿಗೆ ನಿಲ್ಲುವುದಿಲ್ಲ. ಆನೆ ಬಂದ ಮೇಲೆ ಅಂಕುಶ ಬೇಡವೆ? ಮಿಲ್ಲಿಗೆ ವೈಸು, ಕೊರೆಯುವ ಅಲಗುಗಳು, ಡ್ರಿಲ್ ಚಕ್ಕು, ಮೈಕ್ರೋಮೀಟರು, ಡಯಲ್ ಗೇಜು, ಅಲಗು ಮಸೆಯಲು ಸಾಣೆ, ಮುರಿದ ಗೇರಿಗೆ ಬದಲಿ. ಹಳೆಯ ಲೆಕ್ಕಿಗರಾದ ರಾಯರು ಮೊದಲ ವಾರ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದರು. ಎರಡನೆಯ ವಾರ ಆ ಪುಸ್ತಕ ಕಾಣೆಯಾಯಿತು.

ಇನ್ನು ಕೂರಿಸುವ ಕೆಲಸ. ಕಬ್ಬಿಣದ ಕೋನಪಟ್ಟಿಯ ಕಾಲು, ಮೇಲೆ ಎರಡಂಗುಲ ದಪ್ಪದ ಮರದ ಹಲಗೆ, ಐದಡಿ ಉದ್ದದ ಮೇಜು. ಲೇತನ್ನು ಅದರ ಮೇಲಿಟ್ಟು ನಾಲ್ಕು ಬೋಲ್ಟು ಬಿಗಿಯುವ ಮೊದಲು ಮೇಸ್ತ್ರಿಗಳು ಒಂದು ಪರೀಕ್ಷೆ ಮಾಡಿದರು. ಅಂಗುಲ ದಪ್ಪದ ಸರಳನ್ನು ಚಕ್ಕಿನಲ್ಲಿ ಹಿಡಿಸಿ, ತುದಿಗೆ ಆಸರೆಯಿಲ್ಲದೆ, ಚಕ್ಕಿನ ಹತ್ತಿರ ಒಂದು ಬಳೆ, ನಾಲ್ಕಂಗುಲ ಆಚೆಗೆ ಇನ್ನೊಂದು ಬಳೆ ಉಳಿಯುವಂತೆ ನಡುವೆ ತಗ್ಗು ಮಾಡಿದರು. ಆಮೇಲೆ ಅಲಗನ್ನು ಒಂದೇ ಸ್ಥಾನದಲ್ಲಿಟ್ಟು ಎರಡು ಬಳೆಗಳನ್ನೂ ನವಿರಾಗಿ ಹೆರೆದು ಅಳೆದರು. ಹಾಸು ನೇರವಾಗಿದ್ದರೆ ಎರಡೂ ಸಮ ಬರಬೇಕು. ವ್ಯತ್ಯಾಸ ನೂರರಲ್ಲಿ ಒಂದು. ಚಿಕ್ಕ ಯಂತ್ರಕ್ಕೆ ಅದು ಶಹಬಾಸು. ಬೋಲ್ಟುಗಳನ್ನು ಬಿಗಿದು ಮತ್ತೆ ಅಳೆದರು. ನೂರರಲ್ಲಿ ಆರು!

ರಾಯರು ಸಿಮೆಂಟಿನ ನೆಲವನ್ನು ದೂರಿದರು, ಚೀನವನ್ನು ದೂರಿದರು. ಹಣ ಹೋಯಿತೆಂಬ ಭಯ ಮುಖಕ್ಕೆ ಬಂದಿತು. ಬಾಗಿಲಲ್ಲಿ ಕಾಫಿಯ ತಟ್ಟೆ ಹಿಡಿದು ನಿಂತಿದ್ದ ಮನೆಯಾಕೆ, ‘ಬೋಲ್ಟು ಸಡಿಲಿಸಿ’ ಎಂದರು. ಸಡಿಲಿಸಿದರು. ಅವರು ಒಳಬಂದು, ಲೇತಿನ ಒಂದು ಮೂಲೆಯನ್ನು ಅಂಗೈಯಿಂದ ಒತ್ತಿ, ಇನ್ನೊಂದು ಮೂಲೆಯನ್ನು ಒತ್ತಿ, ‘ಏನೂಂದ್ರೆ, ಈ ಕಾಲು ಹಲಗೆಯನ್ನು ಮುಟ್ಟಿಯೇ ಇಲ್ಲ. ಒರಳುಕಲ್ಲು ಕೂರಿಸುವಾಗ ನಿಮ್ಮ ತಾಯಿ ಹೀಗೆಯೇ ಒತ್ತಿ ನೋಡುತ್ತಿದ್ದರು. ಅಲ್ಲಾಡುವ ಕಲ್ಲನ್ನು ಗಾರೆ ಹಾಕಿ ಬಿಗಿದರೆ ಕಲ್ಲು ನಿಲ್ಲುತ್ತದೆ, ರುಬ್ಬುವುದು ಮಾತ್ರ ಸರಿಯಾಗದು’ ಎಂದರು.

ಮೇಸ್ತ್ರಿಗಳು ತಮ್ಮ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಸತ್ಯವೇನೆಂದರೆ, ಲೇತು ಭೂಮಿಗೆ ಮಟ್ಟಸವಾಗಿರಬೇಕೆಂದೇನೂ ಇಲ್ಲ. ಹಡಗಿನಲ್ಲಿಯೂ ಲೇತುಗಳು ಓಡುತ್ತವೆ. ಅದು ತಿರುಚಿಕೊಂಡಿರಬಾರದು, ಅಷ್ಟೆ. ನಾಲ್ಕು ಕಾಲುಗಳಲ್ಲಿ ಒಂದು ಗಾಳಿಯಲ್ಲಿರುವಾಗ ಬೋಲ್ಟು ಬಿಗಿದರೆ, ಎರಕದ ಕಬ್ಬಿಣವೂ ಒದ್ದೆ ಬಟ್ಟೆಯಂತೆ ಕೂದಲೆಳೆಯಷ್ಟು ಹಿಂಡಿಕೊಳ್ಳುತ್ತದೆ. ತಂಪುಪಾನೀಯದ ಡಬ್ಬಿಯ ತಗಡು ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು ದಪ್ಪ. ಅದನ್ನು ಕತ್ತರಿಸಿ ಎರಡು ಪದರ ಮಾಡಿ ಆ ಕಾಲಿನ ಕೆಳಗೆ ತೂರಿಸಿ ಮತ್ತೆ ಬಿಗಿದಾಗ, ಬಳೆಗಳೆರಡೂ ನೂರರಲ್ಲಿ ಒಂದಕ್ಕೆ ಹಿಂದಿರುಗಿದುವು. ‘ಅಮ್ಮನವರು ಕಾರ್ಖಾನೆಯಲ್ಲಿರಬೇಕಾಗಿತ್ತು ಸ್ವಾಮಿ’ ಎಂದರು ಮೇಸ್ತ್ರಿಗಳು. ‘ಒಂದು ಮನೆಯೇ ಸಾಕಾಗಿದೆ’ ಎಂದು ಉತ್ತರ ಬಂತು.

ಮಿಲ್ಲು ಇಷ್ಟು ಸುಲಭವಾಗಿ ಒಲಿಯಲಿಲ್ಲ. ಅದರ ಕಂಬವನ್ನು ಪೀಠಕ್ಕೆ ಹಿಡಿದಿರುವುದು ಹಿಂದೆ ಇರುವ ಒಂದೇ ಒಂದು ದೊಡ್ಡ ನಟ್ಟು. ಕಂಬವನ್ನು ಬೇಕಾದ ಕೋನಕ್ಕೆ ಓರೆ ಮಾಡಬಹುದೆಂದು ಅದೊಂದು ಸೌಕರ್ಯವೆಂದು ಬಣ್ಣಿಸಿದ್ದಾರೆ. ಬೇಡವಾದಾಗಲೂ ಅದು ಓರೆಯಾಗುತ್ತದೆ ಎಂಬುದನ್ನು ಬರೆದಿಲ್ಲ. ತಿರುಗುವ ತಲೆಗೆ ಒಂದು ತೋಳು ಕಟ್ಟಿ, ತೋಳಿನ ತುದಿಗೆ ಡಯಲ್ ಗೇಜು ಸಿಕ್ಕಿಸಿ, ಅದನ್ನು ಮೇಜಿನ ಮೇಲೆ ಪ್ರದಕ್ಷಿಣೆ ಮಾಡಿಸಬೇಕು. ಎಡದಲ್ಲಿ ತೋರಿದ ಅಂಕೆಯನ್ನೇ ಬಲದಲ್ಲಿಯೂ ಮುಳ್ಳು ತೋರಿದರೆ ಕಂಬ ನೆಟ್ಟಗಿದೆ. ನಟ್ಟು ಸಡಿಲಿಸಿ, ಮರದ ಕೊಡತಿಯಿಂದ ಮೆಲ್ಲನೆ ತಟ್ಟಿ, ಮುಳ್ಳು ಸರಿಹೋಯಿತೆಂದು ನಟ್ಟು ಬಿಗಿದರೆ, ಬಿಗಿಯುವ ಬಲಕ್ಕೇ ಕಂಬ ಮತ್ತೆ ಸರಿಯುತ್ತದೆ. ಹೀಗೆ ಮೂರು ಸಂಜೆ. ಮೂರನೆಯ ಸಂಜೆ ಬಿಗಿದಾಗ ಎಷ್ಟು ಸರಿಯುತ್ತದೆಯೋ ಅಷ್ಟನ್ನು ಮೊದಲೇ ಎದುರು ದಿಕ್ಕಿಗೆ ಬಿಟ್ಟು ಬಿಗಿದರು; ನಿಂತಿತು. ಮುಂದೆ ಹಿಂದೆ ಇದ್ದ ವಾಲನ್ನು ಪೀಠದ ಸಂದಿಗೆ ಅದೇ ಡಬ್ಬಿಯ ತಗಡು ಕೊಟ್ಟು ತಿದ್ದಿದರು. ರಾಯರ ಮನೆಯಲ್ಲಿ ಅಷ್ಟು ತಂಪುಪಾನೀಯ ಹಿಂದೆ ಎಂದೂ ಖರ್ಚಾದುದಿಲ್ಲ.

ಕೆಲಸಕ್ಕೆ ಕೈ ಹಚ್ಚುವ ಮೊದಲು ಮೇಸ್ತ್ರಿಗಳು ಕೆಲವು ವಿಧಿನಿಷೇಧಗಳನ್ನು ಹೇಳಿದರು. ಚಕ್ಕಿನ ಕೀಲಿಕೈಯನ್ನು ಚಕ್ಕಿನಲ್ಲಿ ಬಿಟ್ಟು ಕೈ ತೆಗೆಯಕೂಡದು. ಮೋಟಾರು ಹಾಕಿದ ಕ್ಷಣ ಅದು ಕವಣೆಕಲ್ಲಾಗುತ್ತದೆ. ಕೈಗವಸು ಬೇಡ, ಉದ್ದ ತೋಳಿನ ಅಂಗಿ ಬೇಡ, ಪಂಚೆ ಬೇಡ. ಸುರುಳಿ ಸುರುಳಿಯಾಗಿ ಬರುವ ಲೋಹದ ಹೆರೆಯನ್ನು ಬೆರಳಿನಿಂದ ಎಳೆಯಬಾರದು. ಅದು ಕ್ಷೌರದ ಕತ್ತಿ. ಕಣ್ಣಿಗೆ ಕನ್ನಡಕ. ರಾಯರು ಜನಿವಾರವನ್ನು ಬನಿಯನ್ನಿನೊಳಗೆ ಸೇರಿಸಿಕೊಂಡರು. ಆಗ ಮೇಸ್ತ್ರಿಗಳ ದೃಷ್ಟಿ ರಾಯರ ಬೆರಳಿನ ಉಂಗುರದ ಮೇಲೆ ಬಿತ್ತು. ಅವರು ಏನೂ ಹೇಳದೆ ತಮ್ಮ ಎಡಗೈಯನ್ನು ಮುಂದೆ ಚಾಚಿದರು. ಉಂಗುರದ ಬೆರಳು ಎರಡನೆಯ ಗೆಣ್ಣಿನಿಂದಾಚೆಗೆ ಇರಲಿಲ್ಲ. ಮೂವತ್ತಮೂರು ವರ್ಷ ಅದೇ ಕೈಯಿಂದ ಓವರ್‌ಟೈಮಿನ ಚೀಟಿ ಪಡೆದಿದ್ದ ರಾಯರು ಅದನ್ನು ಅಂದು ಮೊದಲ ಬಾರಿ ಕಂಡರು.

ಮದುವೆಯ ಉಂಗುರ ಸಾಬೂನಿಗೂ ಬರಲಿಲ್ಲ. ಮನೆಯಾಕೆ ಕೊಬ್ಬರಿ ಎಣ್ಣೆ ಹಚ್ಚಿ, ನೂಲು ಸುತ್ತಿ, ಗೆಣ್ಣು ದಾಟಿಸಿ ತೆಗೆದರು. ತೆಗೆದದ್ದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ‘ಕೆಲಸ ಮುಗಿದ ಮೇಲೆ ಕೇಳಿ ಈಸಿಕೊಳ್ಳಿ’ ಎಂದರು.

ಕೀಲು 12 ಮಿಲಿಮೀಟರಿನ ರಂಧ್ರದಲ್ಲಿ ತಿರುಗಬೇಕು. ಆದುದರಿಂದ ಕೀಲಿನ ದಪ್ಪ 11.95 ಎಂದು ಮೇಸ್ತ್ರಿಗಳು ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದರು. ಅಲಗಿನ ಎತ್ತರ ನೋಡಲು ಉಕ್ಕಿನ ಅಳತೆಪಟ್ಟಿಯನ್ನು ಅಲಗಿನ ಮೊನೆಗೂ ಸರಳಿಗೂ ನಡುವೆ ಹಗುರವಾಗಿ ಸಿಕ್ಕಿಸಿದರು. ಪಟ್ಟಿ ನೆಟ್ಟಗೆ ನಿಂತರೆ ಮೊನೆ ಸರಳಿನ ಮಧ್ಯಕ್ಕೆ ಸರಿಯಾಗಿದೆ. ಯಾವ ಕಡೆ ವಾಲಿದರೂ ತಪ್ಪು. ನಿಂತಿತು. ರಾಯರು ಹಿಡಿಯ ಮೇಲೆ ಕೈ ಇಟ್ಟರು. ಬೂದುಬಣ್ಣದ ಸರಳಿನ ಮೈಯಿಂದ ಬೆಳ್ಳಿಯಂಥ ಎಳೆಯೊಂದು ಎದ್ದು, ಸುತ್ತಿಕೊಂಡು, ಎಣ್ಣೆಯ ಸಣ್ಣ ಹೊಗೆಯೊಡನೆ ತಟ್ಟೆಗೆ ಬಿತ್ತು. ಆ ವಾಸನೆ ಅವರಿಗೆ ಹೊಸದಲ್ಲ. ಎಷ್ಟೋ ಸಂಜೆಗಳು ಕಾರ್ಖಾನೆಯ ಬಸ್ಸಿನಲ್ಲಿ ಪಕ್ಕದವರ ಅಂಗಿಯಿಂದ ಬರುತ್ತಿದ್ದುದು ಅದೇ ವಾಸನೆ.

ಸರಳು 12.20ಕ್ಕೆ ಬಂದಿತ್ತು. ಇನ್ನು ತೆಗೆಯಬೇಕಾದುದು 0.25. ರಾಯರು ಹಿಡಿಯನ್ನು ಸರಿಯಾಗಿ 0.25 ತಿರುಗಿಸಿ ಹೆರೆದರು. ಅಳೆದಾಗ 11.70! ಅಲಗು ಒಂದು ಪಕ್ಕದಿಂದ ಕಾಲು ಮಿಲಿಮೀಟರು ಒಳಹೊಕ್ಕರೆ, ತಿರುಗುವ ಸರಳಿನ ಎರಡು ಪಕ್ಕದಿಂದಲೂ ಅಷ್ಟಷ್ಟು ಹೋಗುತ್ತದೆ. ವ್ಯಾಸ ಅರ್ಧ ಮಿಲಿಮೀಟರು ಇಳಿಯುತ್ತದೆ. ‘ಸ್ವಾಮಿ, ಇಲ್ಲಿ ಒಂದು ಕಡೆ ಬರೆದರೆ ಇನ್ನೊಂದು ಕಡೆ ತಾನೇ ಬರೆದುಕೊಳ್ಳುತ್ತದೆ’ ಎಂದರು ಮೇಸ್ತ್ರಿಗಳು. ಜೀವಮಾನವೆಲ್ಲ ಜೋಡಿ ನಮೂದಿನ ಲೆಕ್ಕ ಬರೆದವರಿಗೆ ಇದಕ್ಕಿಂತ ಬೇರೆ ಪಾಠ ಬೇಕಾಗಲಿಲ್ಲ. ಎರಡನೆಯ ಕೀಲು 11.94. ಮೂರನೆಯದು 11.95. ಮಿಲ್ಲಿನ ವೈಸಿನಲ್ಲಿ ಹಿಡಿಸಿ, ದುಂಡು ಸರಳಿನ ನೆತ್ತಿಯ ಮೇಲೆ ಬೈರಿಗೆ ಜಾರದಂತೆ ಮೊದಲು ಚಿಕ್ಕದೊಂದು ಸಪಾಟು ಮಾಡಿ, ಸ್ಪ್ಲಿಟ್ ಪಿನ್ನಿಗೆ ಅಡ್ಡರಂಧ್ರ ಕೊರೆದರು. ಕೈಯ ಡ್ರಿಲ್ಲಿನಿಂದ ಇದನ್ನು ಮಾಡಲು ಹೋದವರಿಗೆ ಮಿಲ್ಲಿನ ಬೆಲೆ ಗೊತ್ತು. ನಾಲ್ಕು ಕೀಲುಗಳಿಗೆ ಹನ್ನೊಂದು ದಿನ ಹಿಡಿಯಿತು. ಪೀಣ್ಯದಲ್ಲಿ ಅರ್ಧ ಗಂಟೆಯ ಕೆಲಸ.

ಉಯ್ಯಾಲೆಯನ್ನು ಮತ್ತೆ ತೂಗುಹಾಕಿದ ದಿನ ಮೊದಲು ಕುಳಿತವರು ಮೇಸ್ತ್ರಿಗಳು. ‘ತೂಕಕ್ಕೆ ಪರೀಕ್ಷೆ’ ಎಂದರು, ಇಳಿಯಲು ಮನಸ್ಸಿರಲಿಲ್ಲ. ಮನೆಯಾಕೆ ಸಂಜೆ ದೀಪ ಹಚ್ಚಿದ ಮೇಲೆ ಒಬ್ಬರೇ ಕುಳಿತರು. ಕೀಲು ಕಿರುಗುಟ್ಟಲಿಲ್ಲ. ಸೂರಿನ ಕಡೆ ನೋಡುತ್ತ ಬಹಳ ಹೊತ್ತು ತೂಗಿಕೊಂಡರು. ಆ ಸೂರಿನ ಮೂಲಕ ಎರಡು ಕಡೆ ಆಕಾಶ ಕಾಣುತ್ತಿತ್ತು.

‘ಏನೂಂದ್ರೆ, ಆ ಹುಡುಗ ಯಂತ್ರ ಮಾರಿದ್ದು ಏಕೆ ಎಂದಿರಿ?’

‘ಕೆಳಗಿನ ಮನೆಯವರಿಗೆ ಸದ್ದು ಎಂದು.’

‘ಕೆಳಗೆ ಮನೆಯೇ ಇಲ್ಲದಿದ್ದರೆ?’

ರಾಯರಿಗೆ ತಕ್ಷಣ ಅರ್ಥವಾಗಲಿಲ್ಲ. ಮನೆಯಾಕೆ ಮೊದಲ ಬಾರಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ತಮಗೆ ಈ ಸೂರಿನ ಕೆಳಗೆ ಇನ್ನೊಂದು ಮಳೆಗಾಲ ಬೇಡ. ರಾತ್ರಿ ಅಂಗಳ ದಾಟುವಾಗ ಎರಡು ಸಲ ಬಿದ್ದದ್ದನ್ನು ಮಗನಿಗೆ ಹೇಳಿಲ್ಲ, ಅವರಿಗೂ ಹೇಳಿಲ್ಲ. ಫ್ಲಾಟು ಬರಲಿ. ಆದರೆ ನಿವೇಶನ ತಮ್ಮದು. ಕರಾರು ಬರೆಯುವಾಗ ಕೇಳುವುದನ್ನು ಕೇಳಬೇಕು. ನೆಲದ ಮೇಲೆ, ಕಾರು ನಿಲ್ಲಿಸುವ ಜಾಗದ ಹಿಂದೆ, ಒಂದು ಕೋಣೆ. ಮೊದಲನೆಯ ಅಂತಸ್ತಿನ ನಡುಮನೆಯ ಸೂರಿನಲ್ಲಿ, ಕಾಂಕ್ರೀಟು ಹಾಕುವ ಮೊದಲೇ ನಾಲ್ಕು ಕೊಂಡಿ. ‘ಹಾಕಿದ ಮೇಲೆ ಕೊರೆದು ಕೂರಿಸಿದ ಕೊಂಡಿಯಲ್ಲಿ ನಾನು ಕೂರುವುದಿಲ್ಲ’ ಎಂದರು.

ರಾಯರು ಆ ರಾತ್ರಿ ‘ನೋಡೋಣ’ ಎನ್ನಲಿಲ್ಲ. ಏನನ್ನೂ ಹೇಳಲಿಲ್ಲ. ಬೆಳಿಗ್ಗೆ ಕಾರ್ ಶೆಡ್ಡಿಗೆ ಹೋಗಿ, ಲೇತಿನ ಮೇಲಿನ ಬಟ್ಟೆ ತೆಗೆದು, ಮತ್ತೆ ಹೊದಿಸಿ ಬಂದರು. ಅವರ ತಂದೆ ಕಟ್ಟಿಸಿದ ಮನೆ ಅದು. ಮಗನಿಗೆ ಫೋನು ಮಾಡಿದ್ದು ಒಂಬತ್ತು ದಿನಗಳಾದ ಮೇಲೆ.

ಬಿಲ್ಡರ್ ಕಡೆಯ ತರುಣ ನಕ್ಷೆಯ ಸುರುಳಿ ಹಿಡಿದು ಬಂದು, ಉಯ್ಯಾಲೆಯ ಮೇಲೆಯೇ ಅದನ್ನು ಹರಡಿದ. ಕೊಂಡಿಗೆ ತಕರಾರಿರಲಿಲ್ಲ. ಕೆಳಗಿನ ಕೋಣೆಗೆ ಕಾರು ಒಂದರ ಜಾಗ ಹೋಗುತ್ತದೆ ಎಂದು ತಲೆ ಕೆರೆದುಕೊಂಡ. ‘ಕಾರು ನಮಗಿಲ್ಲ’ ಎಂದರು ಮನೆಯಾಕೆ. ಆತ ಪೆನ್ಸಿಲಿನಿಂದ ಹತ್ತಡಿಗೆ ಏಳಡಿಯ ಒಂದು ಚೌಕ ಬರೆದು, ಮೇಲಿನವರ ಒಪ್ಪಿಗೆ ಕೇಳಿ ಹೇಳುವುದಾಗಿ ಅಂದು, ಒಳಗೆ ‘ಸ್ಟೋರ್’ ಎಂದು ಗುರುತು ಹಾಕಿದ. ಹದಿನೈದು ಆಂಪಿಯರಿನ ಪ್ಲಗ್ಗು ಎರಡು ಇರಲೆಂದು ಮನೆಯಾಕೆ ಬರೆಯಿಸಿದರು.

ಅಷ್ಟು ಹೊತ್ತೂ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ ರಾಯರು ಎದ್ದು ಬಂದು ನಕ್ಷೆಯ ಮೇಲೆ ಬಾಗಿದರು.

‘ಏಳಡಿ ಸಾಲದು’ ಎಂದರು. ‘ಮಿಲ್ಲಿನ ಮೇಜು ಎಡಕ್ಕೆ ಪೂರ್ತಿ ಸರಿದಾಗ ಹಿಡಿ ಗೋಡೆಗೆ ಬಡಿಯುತ್ತದೆ. ಎಂಟು ಮಾಡಿ.’